ಇದ್ದೋರ ಮನೆ

ಮಾನ್ಯ ಅಧ್ಯಕ್ಷರೆ, ತಂದೆಯವರ ನೆನಪಿಗೆ ಈ ದತ್ತಿಯನ್ನಿಟ್ಟ ಕುಟುಂಬದ ಹಿರಿಯರೆ, ಈ ಬಿಸಿಲಲ್ಲೂ ಬಂದು ಕೂತಿರುವ ಸ್ನೇಹಿತರೆ,

ನಮ್ಮ ನಾಡಿನಲ್ಲಿ ದತ್ತಿಗೂ ಕಲ್ಲಿಗೂ ಹಳೆಯ ನಂಟು. ಹೋದವರ ಹೆಸರಿನಲ್ಲಿ ಇರುವವರಿಗೆ ಏನಾದರೂ ಬಿಡಬೇಕು ಅನ್ನಿಸಿದಾಗ ನಮ್ಮ ಹಿರಿಯರು ಅದನ್ನು ಕಲ್ಲಿನ ಮೇಲೆ ಬರೆಸಿದರು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಎಲ್ಲೆ ಯಾವುದು, ಅಳಿಸಿದವನಿಗೆ ಯಾವ ಪಾಪ ಎಲ್ಲವೂ ಅದರಲ್ಲಿರುತ್ತದೆ. ನಾನು ಇವತ್ತು ಮಾತಾಡಬೇಕೆಂದಿರುವುದು ಅದಕ್ಕೂ ಬಹಳ ಹಿಂದಿನ ಕಲ್ಲುಗಳ ಬಗ್ಗೆ. ಅವುಗಳ ಮೇಲೆ ಹೆಸರಿಲ್ಲ. ಬರೆಯಲು ಅಕ್ಷರವೇ ಇಲ್ಲದ ಕಾಲದವು. ಆಹ್ವಾನ ಪತ್ರಿಕೆಯಲ್ಲಿ 'ಕರ್ನಾಟಕದ ಶಿಲಾವೃತ್ತಗಳು' ಎಂದು ಅಚ್ಚಾಗಿದೆ. ಅಷ್ಟು ದೊಡ್ಡ ವಿಷಯವನ್ನು ಒಂದು ಗಂಟೆಯಲ್ಲಿ ಹೇಳಿ ಮುಗಿಸುವ ಧೈರ್ಯ ನನಗಿಲ್ಲ. ನಾನೇ ನಡೆದುಹೋಗಿ ನೋಡಿದ ಕೆಲವನ್ನು ಹೇಳುತ್ತೇನೆ. ಅದರಲ್ಲೂ ಒಂದರ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸುಮಾರು ಮೂವತ್ತು ವರ್ಷದ ಹಿಂದಿನ ಶ್ರಾವಣ. ಮೊಳಕಾಲ್ಮೂರು ತಾಲ್ಲೂಕಿನ ಅಶೋಕ ಸಿದ್ದಾಪುರದ ಕಡೆ ಬ್ರಹ್ಮಗಿರಿ ನೋಡಲು ಹೋಗಿದ್ದೆ. ನೋಡಿ ಬಂದ ರಾತ್ರಿ ಅಲ್ಲಿನ ಮೇಷ್ಟರೊಬ್ಬರು, ಇನ್ನೊಂದು ಊರಿನ ಹೊಲದಲ್ಲೂ ಹಾಗೆಯೇ ಗುಂಡುಕಲ್ಲು ಸುತ್ತ ಜೋಡಿಸಿದ್ದಾರೆ, ಯಾರೂ ಬರೆದಿಲ್ಲ ಎಂದರು. ಆ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಯಾಕೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಬೆಳಗ್ಗೆ ಏಳಕ್ಕೇ ಹೊರಟೆ. ಮಳೆ ಬಂದು ನಾಲ್ಕು ದಿನವಾಗಿತ್ತು. ಶೇಂಗಾ ಹೂವಿಗೆ ಬಂದಿತ್ತು. ಬಂಡೆಗುಡ್ಡದ ಬುಡದಲ್ಲಿ ಕೆಂಪು ಮಣ್ಣಿನ ಹೊಲ, ನಡುವೆ ಮೊಣಕಾಲೆತ್ತರದ ಕಲ್ಲುಗಳ ಒಂದು ಸುತ್ತು. ಎಣಿಸಿದೆ, ಹತ್ತೊಂಬತ್ತು. ಈ ಕಡೆಯಿಂದ ಆ ಕಡೆಗೆ ಎಂಟು ಹೆಜ್ಜೆ. ಒಂದನ್ನೂ ಉಳಿ ತಾಗಿಸಿ ಕಡೆದಿಲ್ಲ. ಗುಡ್ಡದಿಂದ ಉರುಳಿಸಿ ತಂದ ಗುಂಡುಗಳು, ಕಾಲುಭಾಗ ಮಣ್ಣಲ್ಲಿ ಹೂತಿವೆ. ಒಳಗೆ ತುಂಬೆ, ಉತ್ತರಾಣಿ, ಒಂದು ಸಣ್ಣ ಜಾಲಿಗಿಡ. ನೋಡಲು ಇಷ್ಟೇ. ದೊಡ್ಡ ಗೋಪುರ ಕಂಡು ಬಂದ ಕಣ್ಣಿಗೆ ಇದು ಏನೂ ಅಲ್ಲ.

ಆದರೆ ನನ್ನನ್ನು ನಿಲ್ಲಿಸಿದ್ದು ಕಲ್ಲಲ್ಲ, ಸಾಲು. ಶೇಂಗಾದ ಸಾಲುಗಳು ಬದುವಿನಿಂದ ನೆಟ್ಟಗೆ ಬಂದು, ಕಲ್ಲಿನ ಸುತ್ತು ಮೂರು ಮೊಳ ದೂರ ಇರುವಾಗಲೇ ಬಾಗಿ, ಅದನ್ನು ಬಳಸಿ, ಆಚೆ ಮತ್ತೆ ನೆಟ್ಟಗಾಗಿದ್ದವು. ನೇಗಿಲು ಹಿಡಿದವನು ಅಲ್ಲಿ ಎತ್ತನ್ನು ಹೊರಳಿಸಿದ್ದಾನೆ. ಅವನ ಅಪ್ಪನೂ ಹೊರಳಿಸಿರಬೇಕು. ಎಕರೆಯ ಲೆಕ್ಕದಲ್ಲಿ ಬದುಕುವ ಒಣಬೇಸಾಯದ ಮನೆಯವರಿಗೆ ಅಷ್ಟು ಮಣ್ಣು ಬಿಡುವುದು ಸಣ್ಣ ಮಾತಲ್ಲ. ಸರ್ಕಾರದ ಫಲಕ ಅಲ್ಲಿರಲಿಲ್ಲ, ಬೇಲಿಯೂ ಇರಲಿಲ್ಲ.

ಕಳೆ ತೆಗೆಯುತ್ತಿದ್ದ ಅಜ್ಜಿ ಸೊಂಟ ಎತ್ತಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕೇಳಿದೆ:

"ಅಜ್ಜಿ, ಇದರೊಳಗೆ ಯಾಕೆ ಉತ್ತಿಲ್ಲ?"

"ಅದ್ರೊಳಕ್ಕೆ ನೇಗ್ಲು ಹಾಕಲ್ಲ ಕಣಪ್ಪಾ. ಅದು ಮನೆ."

"ಯಾರ ಮನೆ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಯಾರ್ದೋ. ಇದ್ದೋರ್ದು."

ಆವತ್ತು ಅದನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಬರೆದುಕೊಂಡದ್ದು ವ್ಯಾಸ, ಕಲ್ಲಿನ ಸಂಖ್ಯೆ, ದಿಕ್ಕು. ಆ ಮಾತಿನ ಬೆಲೆ ತಿಳಿಯಲು ನನಗೆ ಬಹಳ ವರ್ಷ ಹಿಡಿಯಿತು.

ಈಗ ಬ್ರಹ್ಮಗಿರಿಗೆ ಬರೋಣ. ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಅಲ್ಲಿ ಗುರುತಿಸಿದ ಮೇಲೆ ಆ ಬೆಟ್ಟದ ಹೆಸರು ಜಗತ್ತಿಗೆ ತಿಳಿಯಿತು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹೀಗೆ ಹತ್ತಿರ ಹತ್ತಿರದಲ್ಲೇ ಮೂರು ಶಾಸನ. ಅವುಗಳಲ್ಲಿ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಸಂದೇಶವಿದೆ. ಬರೆದವನು ಚಪಡ, ತಾನು ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದು ಮುಗಿಸಿದ್ದಾನೆ. ಎಲ್ಲಿಂದಲೋ ಬಂದವನ ಒಂದು ಸಹಿ ನಮ್ಮ ಬಂಡೆಯ ಮೇಲೆ ಉಳಿದಿದೆ.

ಅದೇ ಬೆಟ್ಟದ ಬುಡದ ಬಯಲಿನಲ್ಲಿ ಈ ವೃತ್ತಗಳಿವೆ. ಊರು ಬೆಟ್ಟದ ಇಳಿಜಾರಿನಲ್ಲಿತ್ತು, ಗೋರಿಗಳು ಅದಕ್ಕೆ ಹೊಂದಿದ ಸಮತಟ್ಟಿನಲ್ಲಿ. ಮೈಸೂರು ಸಂಸ್ಥಾನದ ಕಾಲದಲ್ಲಿ ಎಂ.ಎಚ್. ಕೃಷ್ಣ ಅಲ್ಲಿ ಅಗೆಸಿದ್ದರು. 1947ರಲ್ಲಿ, ದೇಶ ಸ್ವತಂತ್ರವಾದ ವರ್ಷ, ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಊರಿನ ದಿಬ್ಬವನ್ನೂ ಗೋರಿಗಳನ್ನೂ ಒಟ್ಟಿಗೆ ಅಗೆಸಿದರು. ಅಲ್ಲಿದ್ದ ಗೋರಿಗಳು ಸುಮಾರು 300. ವೀಲರ್ ಬಿಡಿಸಿದ್ದು 10. ಈ 10ರಲ್ಲಿ ಎರಡು ಬಗೆ. ಕೆಲವು ವೃತ್ತಗಳೊಳಗೆ ಬರೀ ಗುಂಡಿ. ಉಳಿದವುಗಳೊಳಗೆ ಕಲ್ಲಿನ ಕೋಣೆ.

ಆ ಕೋಣೆಯ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅಲ್ಲಿ ಬುದ್ಧಿ ಕಾಣುತ್ತದೆ. ನೆಲ ಅಗೆದು, ತಳಕ್ಕೆ ಒಂದು ಚಪ್ಪಡಿ ಹಾಸಿ, ನಾಲ್ಕು ಕಡೆ ನಾಲ್ಕು ಚಪ್ಪಡಿ ನಿಲ್ಲಿಸುತ್ತಾರೆ. ನಾಲ್ಕು ಅಂಚುಗಳನ್ನು ಪೆಟ್ಟಿಗೆಯ ಮೂಲೆಯಂತೆ ಸುಮ್ಮನೆ ಕೂಡಿಸಿದ್ದರೆ ಹೊರಗಿನ ಮಣ್ಣಿನ ಒತ್ತಡಕ್ಕೆ ಒಳಗೆ ಬೀಳುತ್ತಿದ್ದವು. ಅದಕ್ಕೆ ಅವರು ಒಂದೊಂದು ಚಪ್ಪಡಿಯ ಒಂದು ತುದಿಯನ್ನು ಪಕ್ಕದ ಚಪ್ಪಡಿ ದಾಟಿ ಹೊರಗೆ ಚಾಚಿಸಿದರು. ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಹೊರಗಿನಿಂದ ಮಣ್ಣು ಒತ್ತಿದಷ್ಟೂ ಒಂದು ಇನ್ನೊಂದಕ್ಕೆ ಆತುಕೊಂಡು ಗಟ್ಟಿಯಾಗುತ್ತದೆ. ಗಾರೆ ಇಲ್ಲ, ಕಬ್ಬಿಣದ ಪಟ್ಟಿ ಇಲ್ಲ. ಪೂರ್ವದ ಚಪ್ಪಡಿಯಲ್ಲಿ ದುಂಡಗೆ ಒಂದು ಕಿಂಡಿ ಕೊರೆದಿದ್ದಾರೆ. ಗಟ್ಟಿ ಕಣಶಿಲೆಯಲ್ಲಿ ಅಷ್ಟು ದುಂಡಗೆ ಕೊರೆಯುವುದು ಎಷ್ಟು ದಿನದ ಕೆಲಸವೋ, ಕಲ್ಲುಕುಟಿಗರಿದ್ದರೆ ಅವರೇ ಹೇಳಬೇಕು. ಕಿಂಡಿಯ ಮುಂದೆ ಸಣ್ಣ ಹಾದಿ, ಮುಚ್ಚಲು ಬೇರೆ ಕಲ್ಲು. ಮೇಲೆ ಹೊದಿಕೆಯ ಚಪ್ಪಡಿ. ಇದೆಲ್ಲವನ್ನೂ ಸುತ್ತುವರಿದು ಗುಂಡುಗಳ ವೃತ್ತ.

ಒಳಗೆ ತಳದಲ್ಲಿ ಮಡಕೆಗಳು, ಅವುಗಳ ಮೇಲೆ ಮೂಳೆಗಳು. ಒಬ್ಬರ ಪೂರ್ತಿ ಅಸ್ಥಿಪಂಜರವಲ್ಲ. ಬಿಡಿ ಮೂಳೆಗಳು, ಒಬ್ಬರಿಗಿಂತ ಹೆಚ್ಚು ಜನರವು. ದೇಹವನ್ನು ಮೊದಲು ಬೇರೆಡೆ ಇರಿಸಿ, ಮಾಂಸ ಕಳೆದ ಮೇಲೆ ಉಳಿದದ್ದನ್ನು ಇಲ್ಲಿಗೆ ತಂದಿದ್ದಾರೆ. ಬರೀ ಗುಂಡಿಯಿರುವ ವೃತ್ತಗಳು ಆ ಮೊದಲ ಹಂತದವು ಇರಬಹುದು ಎಂದು ವೀಲರ್ ಊಹಿಸಿದರು. ಹಾಗಾದರೆ ಸಾವು ಒಂದು ದಿನದ ಕೆಲಸವಾಗಿರಲಿಲ್ಲ. ತಿಂಗಳುಗಟ್ಟಲೆ ಕಾದು, ಮತ್ತೆ ಸೇರಿ, ಮೂಳೆ ಆಯ್ದು, ಕಿಂಡಿಯ ಕಲ್ಲು ಸರಿಸಿ ಒಳಗಿಡುತ್ತಿದ್ದರು. ಮುಂದಿನವರು ಸತ್ತಾಗ ಮತ್ತೆ ಅದೇ ಕಿಂಡಿ. ತೆರೆಯಲೆಂದೇ ಮಾಡಿದ ಬಾಗಿಲು ಅದು.

ಮಡಕೆಗಳ ಬಗ್ಗೆ ಒಂದು ಮಾತು. ಒಳಗೆ, ಬಾಯಂಚಿನಲ್ಲಿ ಕಪ್ಪು, ಹೊರಮೈ ಕೆಂಪು. ಎರಡು ಬಣ್ಣ ಬಳಿದದ್ದಲ್ಲ. ಮಡಕೆಯನ್ನು ಬೋರಲು ಹಾಕಿ ಬಾಯಿಯನ್ನು ಬೂದಿ ಹೊಟ್ಟಿನಲ್ಲಿ ಹುದುಗಿಸಿ ಸುಟ್ಟರೆ ಗಾಳಿಯಾಡದ ಕಡೆ ಕಪ್ಪಾಗುತ್ತದೆ, ಆಡಿದ ಕಡೆ ಕೆಂಪಾಗುತ್ತದೆ. ಅಂಥ ಒಂದು ಬಟ್ಟಲಿನ ಚೂರನ್ನು ನಾನು ಮ್ಯೂಸಿಯಂ ಒಂದರಲ್ಲಿ ಅಂಗೈಯಲ್ಲಿ ಹಿಡಿದಿದ್ದೇನೆ. ಉಜ್ಜಿ ಉಜ್ಜಿ ತಂದ ಹೊಳಪು ಇನ್ನೂ ಇತ್ತು. ಒಳಬದಿಯಲ್ಲಿ ಬೆರಳಾಡಿಸಿದರೆ ಎಣ್ಣೆ ಹಚ್ಚಿದ ತವದಂತೆ ನುಣುಪು.

ಕಬ್ಬಿಣದ ಕುಡುಗೋಲು, ಬಾಣದ ಮೊನೆ, ಕತ್ತಿ, ಬೆಣೆಗಳೂ ಸಿಕ್ಕವು. ಒಂದು ಗೋರಿಯಲ್ಲಿ ಮೂವತ್ತಕ್ಕೂ ಹೆಚ್ಚು ಚಿನ್ನದ ಮಣಿಗಳು. ಈ ಚಿನ್ನದ ಮಣಿಗಳನ್ನು ನೆನಪಿಟ್ಟುಕೊಳ್ಳಿ. ನನ್ನ ಕಥೆಯಲ್ಲಿ ಅವು ಮತ್ತೆ ಬರುತ್ತವೆ.

ಕಾಲ ಯಾವುದು? ವೀಲರ್ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ವ್ಯಾಪಾರದ ಸರಕು ಕಂಡಿದ್ದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿತ್ತು. ಆ ಕೊಂಡಿ ಹಿಡಿದು ಬ್ರಹ್ಮಗಿರಿಯ ಗೋರಿಗಳಿಗೆ ಕ್ರಿ.ಪೂ. 200ರ ಆಸುಪಾಸಿನ ಕಾಲ ಕೊಟ್ಟರು. ಮುಂದೆ 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಅಗೆಸಿದಾಗ, ಅಲ್ಲಿ ಕಬ್ಬಿಣ ಕ್ರಿ.ಪೂ. 1000ದ ಹೊತ್ತಿಗೇ ಬಂದಿತ್ತೆಂದು ಇಂಗಾಲದ ಕಾಲಗಣನೆ ತೋರಿಸಿತು. ಹೀಗೆ ಈ ಸಂಸ್ಕೃತಿಯ ಮೊದಲು ಬಹಳ ಹಿಂದಕ್ಕೆ ಸರಿಯಿತು. ಅಶೋಕನ ಲಿಪಿಕಾರ ಬರುವ ಹೊತ್ತಿಗೆ ಇಲ್ಲಿನ ಜನ ಎಷ್ಟೋ ತಲೆಮಾರುಗಳಿಂದ ಕಲ್ಲು ಸುತ್ತಿಡುತ್ತಿದ್ದರು.

ವೀಲರ್ ಇನ್ನೊಂದು ಮಾತು ಹೇಳಿದರು. ಕಲ್ಲುಕೊಡಲಿಯ ಹಳೆಯ ಜನರ ಮೇಲೆ ಕಬ್ಬಿಣ ಹಿಡಿದ ಹೊಸ ಜನ ಬಂದರು, ಗೋರಿ ಕಟ್ಟುವ ಪದ್ಧತಿ ತಂದವರು ಅವರು, ಎಂದು. ಅವರ ಕಾಲದ ವಿದ್ವಾಂಸರಿಗೆ ಯಾವುದೇ ಬದಲಾವಣೆ ಕಂಡರೂ ಯಾರೋ ಬಂದರು ಅನ್ನಿಸುತ್ತಿತ್ತು. ಆದರೆ ಅವರದೇ ಅಗೆತದಲ್ಲಿ ಕಲ್ಲುಕೊಡಲಿಗಳು ಗೋರಿಗಳ ಕಾಲದ ಪದರದಲ್ಲೂ ಸಿಕ್ಕಿವೆ. ಊರು ಖಾಲಿಯಾಗಿ ಮತ್ತೆ ತುಂಬಿದ ಗುರುತಿಲ್ಲ. ಒಂದೇ ಇಳಿಜಾರು, ಒಂದೇ ನೀರು. ಈಗಿನ ಹಲವು ಸಂಶೋಧಕರು ಇದನ್ನು ಮುಂದುವರಿಕೆಯಾಗಿಯೇ ಓದುತ್ತಾರೆ. ಗ್ರಂಥ 'ಬಂದವರು' ಎಂದಿತು, ಅಜ್ಜಿ 'ಇದ್ದೋರು' ಎಂದಳು. ಅಜ್ಜಿ ಅಗೆದು ಹೇಳಿದ್ದಲ್ಲ, ನನಗೆ ಗೊತ್ತು. ಆದರೂ ನಾನು ಅವಳ ಪದವನ್ನೇ ಉಳಿಸಿಕೊಳ್ಳುತ್ತೇನೆ.

'ಮನೆ' ಎಂಬ ಪದ ಅವಳೊಬ್ಬಳದ್ದೂ ಅಲ್ಲ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಇಂಥ ರಚನೆಗಳು ನಾನೂರರಷ್ಟಿವೆ. ಅಲ್ಲಿ ಕೋಣೆಗಳು ನೆಲದಡಿ ಅಡಗಿಲ್ಲ. ಬಂಡೆಯ ಮೇಲೆ ಆಳೆತ್ತರಕ್ಕೂ ಮೀರಿ ನಿಂತಿವೆ. ದುಂಡು ಕಿಂಡಿಯಲ್ಲಿ ಬಗ್ಗಿ ನೋಡಿದರೆ ಒಳಗೆ ತಣ್ಣನೆಯ ಕತ್ತಲು, ಆಚೆ ಬಿರುಕಿನಲ್ಲಿ ಒಂದು ಗೆರೆ ಆಕಾಶ. ಸುತ್ತಲಿನ ಊರವರು ಇದನ್ನು ಮೊರೇರ ಗುಡ್ಡ ಎನ್ನುತ್ತಾರೆ. ಕೋಣೆಗಳು ಮೊರೇರ ಮನೆಗಳು. ಮೊರೇರು ಬಹಳ ಗಿಡ್ಡ ಜನ, ಅದಕ್ಕೇ ಬಾಗಿಲು ಅಷ್ಟು ಸಣ್ಣದು. ನಕ್ಕುಬಿಡುವ ಮಾತಲ್ಲ ಇದು. ಗೋಡೆ ಇದೆ, ಸೂರು ಇದೆ, ಬಾಗಿಲಿದೆ, ಅಂದಮೇಲೆ ಮನೆ. ಬಾಗಿಲು ಸಣ್ಣದು; ಅಂದಮೇಲೆ ಇದ್ದವರೂ ಸಣ್ಣವರು. ಕಣ್ಣಿಗೆ ಕಂಡದ್ದರಿಂದ ಹೆಜ್ಜೆ ಹೆಜ್ಜೆಯಾಗಿ ತೆಗೆದ ತೀರ್ಮಾನ. ಮೊದಲರ್ಧ ಸರಿಯಾಗಿಯೂ ಇದೆ. ಕಟ್ಟಿದವರ ಮನಸ್ಸಿನಲ್ಲೂ ಅದು ಮನೆಯೇ ಆಗಿದ್ದಿರಬೇಕು. ಇಲ್ಲವಾದರೆ ಸತ್ತವರಿಗೆ ಬಾಗಿಲು ಯಾಕೆ? ಉಣ್ಣುವ ಬಟ್ಟಲು ಯಾಕೆ?

ಅಲ್ಲಿಯೇ ಎತ್ತರದ ಬಂಡೆಯ ತುದಿಯಲ್ಲಿ ಅರ್ಧಗೋಳದಂಥ ಕಲ್ಲೊಂದಿದೆ, ನಗಾರಿ ಕಲ್ಲು. ಕಟ್ಟಿಗೆಯಿಂದ ಹೊಡೆದರೆ ಕಂಚಿನ ಹಾಗೆ ಮೊಳಗುತ್ತದೆ. 1830ರ ದಶಕದಲ್ಲಿ ಈ ಗುಡ್ಡದ ಬಗ್ಗೆ ಮೊದಲು ಬರೆದವರು ಹೈದರಾಬಾದ್ ನಿಜಾಮರ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ ಸೇರಿತು. ಈ ನಡುವಿನ ಸುಮಾರು ಇನ್ನೂರು ವರ್ಷಗಳ ಬಹುಪಾಲು, ಅದಕ್ಕೂ ಹಿಂದಿನ ಎಲ್ಲ ವರ್ಷ, ಆ ಗುಡ್ಡವನ್ನು ಕಾದದ್ದು ಯಾರು? ಕುರಿ ಕಾಯುವವರು, ಸೌದೆಗೆ ಬರುವವರು. ಮೊರೇರ ಮನೆಯ ಚಪ್ಪಡಿ ತಂದು ತಮ್ಮ ಮನೆಗೆ ಹಾಕಿಕೊಳ್ಳಬಾರದು ಎಂಬ ಅವರ ಅಳುಕು.

ನಮ್ಮ ಪಾರಿಭಾಷಿಕ ಪದಗಳನ್ನು ನೋಡಿ. ಡಾಲ್ಮೆನ್, ಮೆನ್ಹಿರ್. ಇವು ಫ್ರಾನ್ಸಿನ ಬ್ರಿಟನಿ ಸೀಮೆಯ ಬ್ರೆಟನ್ ಭಾಷೆಯಿಂದ ಬಂದವು. ಒಂದಕ್ಕೆ ಕಲ್ಲಿನ ಮೇಜು ಎಂದರ್ಥ, ಇನ್ನೊಂದಕ್ಕೆ ಉದ್ದ ಕಲ್ಲು. ಅವೂ ಯಾವುದೋ ಹೊಲದಲ್ಲಿ ಹುಟ್ಟಿದ ಮಾತುಗಳೇ. ವಿದ್ವಾಂಸರು ಎತ್ತಿಕೊಂಡರು, ಜಗತ್ತೆಲ್ಲ ಬಳಸಿತು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಿಲಸ್ಕಲ್ ಎಂಬ ಊರಿದೆ. ನಿಲಿಸಿದ ಕಲ್ಲುಗಳಿರುವ ಊರು. ಅಲ್ಲಿನ ನೆಟ್ಟ ಕಲ್ಲುಗಳ ಕೆಲವು ಜೋಡಿಗಳು ಉತ್ತರಾಯಣ ದಕ್ಷಿಣಾಯನಗಳ ಸಂಧಿಯ ದಿನಗಳಂದು ಸೂರ್ಯ ಹುಟ್ಟುವ ಮುಳುಗುವ ಕಡೆಗೆ ಸಾಲಾಗಿವೆ ಎಂದು ಸಂಶೋಧಕರು ತೋರಿಸಿದ್ದಾರೆ. ಮೆನ್ಹಿರ್‌ಗೆ ಕನ್ನಡ ಏನು ಎಂದು ನಾವು ಸಮಿತಿ ಕೂಡಿಸಿ ಹುಡುಕುವ ಹೊತ್ತಿಗೆ ಬಸ್ಸಿನ ಬೋರ್ಡಿನ ಮೇಲೇ ಅದು ಬರೆದಿತ್ತು.

ಬ್ರಹ್ಮಗಿರಿಯ ಅಶೋಕನ ಶಾಸನದ ಬಂಡೆಗೂ ಊರವರ ಹೆಸರಿತ್ತು: ಅಕ್ಷರಗುಂಡು. ಓದಲು ಬಾರದಿದ್ದರೂ ಅದು ಅಕ್ಷರ ಎಂದು ತಿಳಿದಿದ್ದರು. ಜಟಿಂಗ ರಾಮೇಶ್ವರದ ಬಂಡೆ ಬಳೆಗಾರ ಗುಂಡು. ಜಾತ್ರೆಗೆ ಬಂದ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗ. ಅಲ್ಲಿನ ಶಾಸನ ಮೂರರಲ್ಲೂ ಹೆಚ್ಚು ಸವೆದದ್ದು. ಅಂದರೆ, ಬರೀ ಹೆಸರಿದ್ದರೆ ಸಾಲದು. ಯಾವ ಹೆಸರು ಎಂಬುದೂ ಮುಖ್ಯ.

ಈಗ ಆ ಶೇಂಗಾ ಹೊಲಕ್ಕೆ ಮರಳಬೇಕು. ಈ ಮಾತನ್ನು ವೇದಿಕೆಯ ಮೇಲೆ ನಾನು ಹಿಂದೆ ಹೇಳಿಲ್ಲ.

ಆ ಸಂಜೆ ಊರಿನ ಶಾಲೆಯ ಜಗುಲಿಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು. ಮೇಷ್ಟರು ನನ್ನನ್ನು ಮಾತಾಡಲು ಹೇಳಿದರು. ನಾನು ಉತ್ಸಾಹದಲ್ಲಿದ್ದೆ. ನಿಮ್ಮ ಊರಿನ ಹೊಲದಲ್ಲಿರುವುದು ಯಾರ ಮನೆಯೂ ಅಲ್ಲ, ಮೊರೇರು ಪಾಂಡವರು ಯಾರೂ ಇಲ್ಲ, ಅದು ಕಬ್ಬಿಣ ಯುಗದ ಗೋರಿ ಎಂದೆ. ಒಳಗೆ ಏನೇನಿರುತ್ತದೆ ಎಂದು ಹೇಳಿದೆ. ಬ್ರಹ್ಮಗಿರಿಯ ಚಿನ್ನದ ಮಣಿಗಳನ್ನೂ ಹೇಳಿದೆ. ಜನರಿಗೆ ಹೆಮ್ಮೆ ಬರಲಿ ಎಂದೇ ಹೇಳಿದ್ದು. ಅಜ್ಜಿ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದಳು, ಏನೂ ಅನ್ನಲಿಲ್ಲ.

ಮತ್ತೆ ಅಲ್ಲಿಗೆ ಹೋದದ್ದು ಏಳು ವರ್ಷದ ಮೇಲೆ. ಹತ್ತೊಂಬತ್ತು ಗುಂಡುಗಳಲ್ಲಿ ಆರು ಜಾಗದಲ್ಲಿದ್ದವು. ನಡುವೆ ಎದೆಮಟ್ಟದ ಗುಂಡಿ, ಅರ್ಧಕ್ಕೆ ಮಳೆನೀರು. ಒಂದು ಚಪ್ಪಡಿ ಸೀಳಿ ಬಿದ್ದಿತ್ತು. ಗುಂಡಿಯ ಅಂಚಿನ ಮಣ್ಣಿನಲ್ಲಿ ಕಪ್ಪು ಕೆಂಪು ಬೋಕಿಗಳು, ಹೊಸದಾಗಿ ಒಡೆದವು. ಒಡೆದ ಅಂಚು ಇನ್ನೂ ಮಾಸಿರಲಿಲ್ಲ. ಅಮಾವಾಸ್ಯೆಯ ರಾತ್ರಿ ಯಾರೋ ನಿಧಿಗೆ ಅಗೆದರಂತೆ. ಯಾರು ಎಂದು ಊರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಜ್ಜಿ ಹಿಂದಿನ ವರ್ಷ ತೀರಿಕೊಂಡಿದ್ದಳು.

ಅವರು ನಿಧಿಗಳ್ಳರು, ಅವರಿಗೆ ಕಾನೂನಿದೆ. ಪುರಾತನ ಸ್ಮಾರಕಗಳಿಗೆ 1958ರ ಕೇಂದ್ರ ಕಾಯಿದೆ ಇದೆ, 1961ರ ರಾಜ್ಯದ ಕಾಯಿದೆ ಇದೆ. ಆದರೆ ಸ್ಮಾರಕ ಎಂದು ಘೋಷಣೆಯಾದವಕ್ಕೆ ಅವು ಕೊಡುವ ರಕ್ಷಣೆ, ನಮ್ಮ ಹೊಲಗಳಲ್ಲಿ ಪಟ್ಟಿಗೆ ಸೇರದೆ ಬಿದ್ದಿರುವ ಅಸಂಖ್ಯ ವೃತ್ತಗಳಿಗೆ ಎಲ್ಲಿ ಸಿಗುತ್ತದೆ? ಅವಕ್ಕಿದ್ದದ್ದು ಒಂದೇ ಬೇಲಿ, 'ಮನೆ' ಎಂಬ ಮಾತು. ಆ ಬೇಲಿಯನ್ನು ಕಿತ್ತವನು ನಾನು. ಕಿತ್ತ ಜಾಗದಲ್ಲಿ ಬೇರೇನನ್ನೂ ನೆಡದೆ, ಒಳಗೆ ಚಿನ್ನವಿದೆ ಎಂದು ಹೇಳಿ, ಸಂಜೆಯ ಬಸ್ಸು ಹತ್ತಿ ಬಂದೆ.

ಇದರಿಂದ ಜನರಿಗೆ ಏನೂ ಹೇಳಬಾರದು ಎಂದು ನಾನು ಹೇಳುತ್ತಿಲ್ಲ. ಅಜ್ಞಾನ ಕಲ್ಲನ್ನು ಕಾಯುತ್ತದೆ ಎಂಬ ಮಾತು ಸುಳ್ಳು, ಅಜ್ಜಿಗೆ ಇದ್ದದ್ದು ಅಜ್ಞಾನವೂ ಅಲ್ಲ. ನಾನು ಹೇಳಬೇಕಾಗಿದ್ದು ಇಷ್ಟು: ಹೌದಜ್ಜಿ, ಅದು ಮನೆಯೇ. ನಿನ್ನಂತೆಯೇ ಇದೇ ಮಣ್ಣಲ್ಲಿ ಬಿತ್ತಿ ಬೆಳೆದವರು ತಮ್ಮ ಸತ್ತವರಿಗೆ ಕಟ್ಟಿದ ಮನೆ. ಅವರ ಊಟದ ಬಟ್ಟಲು ಅಲ್ಲಿವೆ, ಅವರ ಕುಡುಗೋಲು ಅಲ್ಲಿದೆ. ಇದು ಅವಳ ಮಾತಿಗೆ ಎದುರೂ ಅಲ್ಲ, ವೀಲರ್ ವರದಿಗೆ ಎದುರೂ ಅಲ್ಲ. ಎರಡನ್ನೂ ಸೇರಿಸಿ ಹೇಳುವ ಕನ್ನಡ ಆವತ್ತು ನನ್ನ ಬಾಯಿಗೆ ಬರಲಿಲ್ಲ.

ಆಮೇಲೆ ನಾನು ನೋಡಿದ ಪ್ರತಿ ವೃತ್ತಕ್ಕೂ ಟಿಪ್ಪಣಿ ಪುಸ್ತಕದಲ್ಲಿ ಒಂದು ಹೊಸ ಕಾಲಂ ಇಟ್ಟೆ. ವ್ಯಾಸ, ಕಲ್ಲಿನ ಸಂಖ್ಯೆ, ದಿಕ್ಕು, ಅದರ ಪಕ್ಕದಲ್ಲಿ 'ಊರವರು ಹೇಳುವುದು'. ಅಳತೆಗೆ ಮೊದಲು ಅದನ್ನೇ ತುಂಬುತ್ತೇನೆ. ಪಾಂಡವರ ಮನೆ ಎಂದು ಹಲವು ಕಡೆ ಬಂದಿದೆ, ಮೊರೇರ ಮನೆ ಎಂದೂ. ಒಬ್ಬ ಕುರಿಗಾಹಿ, ಇದು ಯಾರದೂ ಅಲ್ಲ, ಕುರಿ ಇದರೊಳಗೆ ಮಲಗುವುದಿಲ್ಲ, ಅಷ್ಟೇ ಗೊತ್ತು ಎಂದ. ಒಬ್ಬಾಕೆ ಮದುವೆಯಾಗಿ ಬಂದ ವರ್ಷ ಅತ್ತೆ ತೋರಿಸಿ ಹೇಳಿದ್ದಳಂತೆ, ಇಲ್ಲಿ ದನಿಯೆತ್ತಿ ಮಾತಾಡಬೇಡ ಎಂದು. ಎಲ್ಲವನ್ನೂ ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. ಈ ಪುಸ್ತಕಗಳನ್ನು, ಊರಿನ ಹೆಸರುಗಳನ್ನು ಮುಚ್ಚಿ, ಈ ಸಂಸ್ಥೆಗೇ ಕೊಡುವುದೆಂದು ಅಧ್ಯಕ್ಷರಿಗೆ ಬೆಳಗ್ಗೆ ಹೇಳಿದ್ದೇನೆ.

ಮೊನ್ನೆ ಮಳೆಗಾಲದಲ್ಲಿ ಆ ಹೊಲಕ್ಕೆ ಮತ್ತೊಮ್ಮೆ ಹೋಗಿದ್ದೆ. ಗುಂಡಿ ಮುಚ್ಚಿದೆ. ಗುಂಡುಗಳು ಬದುವಿಗೆ ಸೇರಿವೆ. ಸಾಲುಗಳು ಈ ಬದುವಿನಿಂದ ಆ ಬದುವಿಗೆ ನೆಟ್ಟಗೆ ಹೋಗಿವೆ, ಎಲ್ಲಿಯೂ ಬಾಗಿಲ್ಲ. ಅಜ್ಜಿಯ ಮೊಮ್ಮಗ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದ. ಒಳ್ಳೆಯ ಹುಡುಗ, ಕುಡಿಯಲು ನೀರು ಕೊಟ್ಟ. ಪುಸ್ತಕ ತೆರೆದು ಇಲ್ಲಿ ಏನಿತ್ತಪ್ಪ ಎಂದು ಕೇಳಿದೆ.

"ಇಲ್ಲಾ? ಇಲ್ಲೇನಿಲ್ಲ ಸಾರ್. ಖಾಲಿ."

ಆ ಕಾಲಂನಲ್ಲಿ ಹಾಗೆಯೇ ಬರೆದುಕೊಂಡೆ.